ಮನೆಮಾತಿನ ಜಾಗ

ನನ್ನ ಗಂಡನ ತಲೆಯೊಳಗೆ ಗೆಡ್ಡೆ ಬೆಳೆದಿದೆ ಎಂದು ಗೊತ್ತಾದಾಗ ಮೊದಲು ಬಂದದ್ದು ಭಯ. ಹೊಟ್ಟೆಕಿಚ್ಚು ಆಮೇಲೆ ಬಂತು. ಭಯ ಕೆಲವು ದಿನಕ್ಕೆ ಒಂದು ಹದಕ್ಕೆ ಬಂದು ನಿಂತಿತು. ಹೊಟ್ಟೆಕಿಚ್ಚು ಹಾಗೆ ನಿಲ್ಲಲಿಲ್ಲ, ಆಪರೇಷನ್ ಕೋಣೆಯ ಬಾಗಿಲವರೆಗೂ ನನ್ನ ಜೊತೆಗೇ ಬಂತು, ಅಲ್ಲಿಂದ ವಾಪಸು ಮನೆಗೂ ಬಂತು.

ಇವರಿಗೆ ದೇವರಾಜ ಮೊಹಲ್ಲಾದಲ್ಲಿ ಕನ್ನಡಕದ ಅಂಗಡಿ. ಮಾರ್ಕೆಟ್ಟಿಗೆ ಬಂದವರು ತರಕಾರಿ ಚೀಲ ಹಿಡಿದುಕೊಂಡೇ ಒಳಗೆ ಬಂದು, ಸಡಿಲವಾದ ಫ್ರೇಮು ಬಿಗಿ ಮಾಡಿಸಿಕೊಂಡು, ಅರ್ಧ ಗಂಟೆ ಮಾತಾಡಿ ಹೋಗುವಂಥ ಅಂಗಡಿ. ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರು. ನಮ್ಮದು ಊರಾಚೆಯ ಹಳ್ಳಿಯ ಬೇಸಾಯದ ಮನೆತನ. ಇವರದು ಅಜ್ಜನ ಕಾಲದಲ್ಲಿ ಅರಮನೆಯ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿಕೊಂಡಿದ್ದ ಕುಟುಂಬ, ಮನೆಮಾತು ತೆಲುಗು. ಬಿ.ಎಡ್. ಓದುವಾಗ ನಾನು ಕನ್ನಡಕ ಮಾಡಿಸಲು ಹೋಗಿದ್ದೆ. ನನ್ನ ಮುಖಕ್ಕೆ ದಪ್ಪ ಫ್ರೇಮು ಒಪ್ಪುವುದಿಲ್ಲ ಎಂದು ಇವರು ಮತ್ತೆ ಮತ್ತೆ ಬದಲಾಯಿಸಿ ತೋರಿಸಿದರು. ಮದುವೆಯ ಮಾತು ಬಂದಾಗ ನಮ್ಮ ಮನೆಯಲ್ಲಿ ದೊಡ್ಡ ಗಲಾಟೆ ಆಯಿತು. ಇವರ ಕಡೆ ಗಲಾಟೆ ಮಾಡಲು ಇದ್ದವರು ಒಬ್ಬರೇ, ಇವರ ಅಕ್ಕ. ಅವರು ಮಾಡಲಿಲ್ಲ. ನನ್ನನ್ನು ಒಮ್ಮೆ ನೋಡಿ, ತಮ್ಮನ ಕಡೆ ತಿರುಗಿ ತೆಲುಗಿನಲ್ಲಿ ಏನೋ ಹೇಳಿದರು. ಇವರು ನಕ್ಕರು.

ಈ ಅಕ್ಕ, ನನ್ನ ಅತ್ತಿಗೆಯ ಬಗ್ಗೆ ಸ್ವಲ್ಪ ಹೇಳಬೇಕು. ತಾಯಿ ತೀರಿಕೊಂಡಾಗ ಇವರು ಇನ್ನೂ ತೊದಲು ಮಾತಿನ ಮಗು, ಅವರು ಕಾಲೇಜಿಗೆ ಹೋಗುವ ವಯಸ್ಸಿನವರು. ಓದು ಬಿಟ್ಟರು. ಟೈಪಿಂಗ್ ಕಲಿತು ಸರ್ಕಾರಿ ಕಚೇರಿಯೊಂದಕ್ಕೆ ಸೇರಿದರು. ತಮ್ಮನಿಗೆ ಸ್ನಾನ, ಊಟ, ಪಾಠ ಎಲ್ಲಾ ಅವರದೇ. ಮದುವೆ ಮಾಡಿಕೊಳ್ಳಲಿಲ್ಲ. ನಾವು ಮದುವೆಯಾದ ಮೇಲೆ, ಯಾರೂ ಹೇಳದೆಯೇ, ಲಕ್ಷ್ಮೀಪುರಂನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು ಹೋದರು. ಇಂಥವರ ಮೇಲೆ ಯಾರಿಗಾದರೂ ದೂರು ಹೇಳಲು ಸಾಧ್ಯವೇ? ಅದೇ ನನ್ನ ಕಷ್ಟವಾಗಿತ್ತು.

ಇವರು ಸಂಜೆ ಅಂಗಡಿ ಮುಚ್ಚಿಕೊಂಡು ಬರುವಾಗ ಅಕ್ಕನ ಮನೆಗೆ ಹೋಗಿಯೇ ನಮ್ಮ ಮನೆಗೆ ಬರುತ್ತಿದ್ದರು. ಮನೆಗೆ ಬಂದವರು ಸುಸ್ತಾದವರ ಹಾಗೆ ಸುಮ್ಮನಿರುತ್ತಿದ್ದರು. ನಾನು ಕೇಳಿದರೆ ಉತ್ತರ, ಇಲ್ಲದಿದ್ದರೆ ಪೇಪರು. ಭಾನುವಾರ ಅತ್ತಿಗೆ ಊಟಕ್ಕೆ ಬಂದರೆ ಅದೇ ಮನುಷ್ಯ ತೆಲುಗಿನಲ್ಲಿ ನಿಲ್ಲಿಸದೆ ಮಾತಾಡುತ್ತಿದ್ದರು. ಅದು ಸಿನಿಮಾದಲ್ಲಿ ಕೇಳುವ ತೆಲುಗಲ್ಲ. ತಲೆಮಾರುಗಳಿಂದ ಮೈಸೂರಿನಲ್ಲೇ ಇದ್ದು ಅರ್ಧ ಕನ್ನಡ ಬೆರೆತು, ಆ ಮೇಲೆ ಅಕ್ಕ ತಮ್ಮ ಇಬ್ಬರೇ ಕಟ್ಟಿಕೊಂಡ ಪದಗಳೂ ಸೇರಿ, ಬೇರೆಯವರಿಗೆ ಹಿಡಿತಕ್ಕೆ ಸಿಗದ ಮಾತು. ಮನಸ್ಸು ಮಾಡಿದ್ದರೆ ನಾನು ಕಲಿಯಬಹುದಿತ್ತು. ಹಟಕ್ಕೆ ಕಲಿಯಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಆ ಮನೆಯಲ್ಲಿ ನನ್ನ ಭಾಷೆ ಮಾತಾಡುವವಳು ನಾನೊಬ್ಬಳೇ ಎಂದು ಎಷ್ಟೋ ಭಾನುವಾರ ಅನಿಸಿದೆ. ಇವರು ದಿನವಿಡೀ ಕನ್ನಡದಲ್ಲೇ ವ್ಯಾಪಾರ ಮಾಡುತ್ತಿದ್ದರು ಎಂಬುದು ಆಗ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಕಾಯಿಲೆ ಶುರುವಾದದ್ದು ಅಂಗಡಿಯಲ್ಲಿ. ಯಾರದೋ ಕನ್ನಡಕ ಕೈಯಲ್ಲಿ ಹಿಡಿದು ‘ಸ್ಕ್ರೂ’ ಎನ್ನಲು ಹೋದರಂತೆ, ಪದ ಬರಲಿಲ್ಲವಂತೆ. ಬೆರಳಲ್ಲಿ ತೋರಿಸಿ ಸುಮ್ಮನಾದರಂತೆ. ರಾತ್ರಿ ಊಟಕ್ಕೆ ಕೂತಾಗ ಅದನ್ನು ನಗುತ್ತಾ ಹೇಳಿದರು, ನಾನೂ ನಕ್ಕೆ. ಮುಂದಿನ ವಾರ ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವಾಗ ಬಾಯಿಯ ಬಲಗಡೆ ಸೆಳೆಯತೊಡಗಿ, ಕನ್ನಡಿಯ ಮುಂದೆಯೇ ಕುಸಿದು ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಮಿದುಳಿನ ಎಡಭಾಗದಲ್ಲಿ ಗೆಡ್ಡೆ ಕಂಡಿತು.

ಸರ್ಜನ್ ನಿಧಾನವಾಗಿ ವಿವರಿಸಿದರು. ನೋಡಿದರೆ ಮೆಲ್ಲಗೆ ಬೆಳೆಯುವ ಜಾತಿಯದು ಅನಿಸುತ್ತದೆ, ಆದರೆ ಕೂತಿರುವುದು ಮಾತಿನ ಜಾಗದ ಪಕ್ಕದಲ್ಲಿ. ಮಾತು ಎಲ್ಲಿದೆ ಎಂದು ಸ್ಕ್ಯಾನ್ ಅಂದಾಜು ಹೇಳುತ್ತದೆ, ಗೆರೆ ಎಳೆದು ಹೇಳುವುದಿಲ್ಲ. ಅದಕ್ಕೆ ರೋಗಿಯೇ ಎಚ್ಚರವಿರಬೇಕು. ಮೊದಲು ಮಂಪರು ಕೊಟ್ಟು, ತಲೆಯ ಚರ್ಮ ಮರಗಟ್ಟಿಸಿ ಬುರುಡೆ ತೆರೆಯುತ್ತಾರೆ, ಆಮೇಲೆ ಎಬ್ಬಿಸುತ್ತಾರೆ. ಮಿದುಳಿಗೆ ತನ್ನದೇ ನೋವು ಗೊತ್ತಾಗುವುದಿಲ್ಲವಂತೆ. ಒಂದೊಂದು ಜಾಗವನ್ನೂ ಸಣ್ಣ ಕರೆಂಟಿನ ಕಡ್ಡಿಯಿಂದ ಮುಟ್ಟುತ್ತಾ, ಚಿತ್ರ ತೋರಿಸಿ ಹೆಸರು ಹೇಳಿಸುತ್ತಾರೆ. ಮುಟ್ಟಿದಾಗ ಮಾತು ತಡೆದರೆ ಅದು ಮಾತಿನ ಜಾಗ, ಅಲ್ಲಿ ಸಣ್ಣ ನಂಬರಿನ ಚೀಟಿ ಇಡುತ್ತಾರೆ. ಹಾಗೆ ನಕ್ಷೆ ಮಾಡಿಕೊಂಡು ಉಳಿದದ್ದನ್ನು ತೆಗೆಯುತ್ತಾರೆ. ಇದನ್ನೆಲ್ಲ ಕೇಳುತ್ತಾ ಇವರು ಅಂಗಡಿಯಲ್ಲಿ ಲೆನ್ಸಿನ ಪವರು ಕೇಳಿಸಿಕೊಳ್ಳುವ ಹಾಗೆ ತಲೆಯಾಡಿಸುತ್ತಿದ್ದರು. ನಾನು ಕುರ್ಚಿಯ ಕೈ ಹಿಡಿದು ಕೂತಿದ್ದೆ.

ಮಾತಿನ ಪರೀಕ್ಷೆ ಮಾಡಲು ಸ್ಪೀಚ್ ಥೆರಪಿಸ್ಟ್ ಒಬ್ಬಳು ಬಂದಳು. ಚಿಕ್ಕ ವಯಸ್ಸಿನ, ಬಹಳ ಚುರುಕಾದ ಹುಡುಗಿ. ಯಾವ ಯಾವ ಭಾಷೆ ಬರುತ್ತದೆ, ಯಾರ ಹತ್ತಿರ ಯಾವುದು ಎಂದು ಕೇಳಿದಳು. ಅಂಗಡಿಯಲ್ಲಿ, ಮನೆಯಲ್ಲಿ ಕನ್ನಡ. ಲಷ್ಕರ್ ಮೊಹಲ್ಲಾದಿಂದ ಬರುವ ಗಿರಾಕಿಗಳ ಹತ್ತಿರ ಒಂದಿಷ್ಟು ಉರ್ದು. ಅಕ್ಕನ ಹತ್ತಿರ ತೆಲುಗು. ಮನಸ್ಸಿನಲ್ಲೇ ಲೆಕ್ಕ ಹಾಕುವುದು ಯಾವ ಭಾಷೆಯಲ್ಲಿ ಎಂದು ಕೇಳಿದಳು. ಇವರು ಯೋಚಿಸದೆ “ತೆಲುಗಲ್ಲಿ” ಎಂದರು.

ನಾನು ಗಣಿತದ ಟೀಚರು. ಇಷ್ಟು ವರ್ಷ ಒಟ್ಟಿಗೆ ಮನೆಯ ಖರ್ಚು ಕೂಡಿಸಿದ್ದೇವೆ, ಕಳೆದಿದ್ದೇವೆ. ಆ ಮನುಷ್ಯ ಪಕ್ಕದಲ್ಲೇ ಕೂತು ಒಳಗೊಳಗೇ ತೆಲುಗಿನಲ್ಲಿ ಎಣಿಸುತ್ತಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ಪರಿಚಯವೇ ಇಲ್ಲದ ಆ ಹುಡುಗಿ ಒಂದೇ ಪ್ರಶ್ನೆಗೆ ತಿಳಿದುಕೊಂಡಳು.

ಮೊದಲು ಕಲಿತ ಭಾಷೆ ತೆಲುಗು, ಈಗಲೂ ದಿನಾ ಆಡುವ ಭಾಷೆ, ಆದ್ದರಿಂದ ಎರಡನ್ನೂ ಪರೀಕ್ಷೆ ಮಾಡಲೇಬೇಕು ಎಂದಳು ಅವಳು. ಆಂಧ್ರದ ಕಡೆಯ ನರ್ಸ್ ಒಬ್ಬರನ್ನು ಕರೆದು ಕೂರಿಸಿದರು. ಹತ್ತಾರು ಚಿತ್ರ ತೋರಿಸುವಷ್ಟರಲ್ಲಿ ನರ್ಸ್ ಕೈಚೆಲ್ಲಿದರು. ಇವರು ಹೇಳಿದ್ದು ತಪ್ಪೋ, ಅಥವಾ ಅವರ ಮನೆಯಲ್ಲಿ ಹಾಗೇ ಹೇಳುತ್ತಾರೋ, ನನಗೆ ತಿಳಿಯುವುದಿಲ್ಲ ಎಂದರು. ಆಪರೇಷನ್ ನಡುವೆ ಹಾಗೆ ಅನುಮಾನ ಬರುವಂತಿಲ್ಲ. ಥೆರಪಿಸ್ಟ್ ನನ್ನ ಕಡೆ ತಿರುಗಿ, “ಮೇಡಂ, ಇವರ ತೆಲುಗು ಸರಿಯಾಗಿ ಗೊತ್ತಿರೋರು ಯಾರಿದ್ದಾರೆ?” ಎಂದು ಕೇಳಿದಳು.

ನಾನೇ ಹೇಳಬೇಕಾಯಿತು.

ಅಂದಿನಿಂದ ಅತ್ತಿಗೆ ದಿನಾ ಸಂಜೆ ಬಂದರು. ಹಾಲಿನಲ್ಲಿ ಚಾಪೆಯ ಮೇಲೆ ಚಿತ್ರಗಳನ್ನು ಹರಡಿಕೊಂಡು ಅಕ್ಕ ತಮ್ಮ ಅಭ್ಯಾಸ ಮಾಡುತ್ತಿದ್ದರು. ಕನ್ನಡದ ಸರದಿಯಲ್ಲಿ “ಇದು ಏಣಿ, ಇದು ಪೊರಕೆ, ಇದು ಬಾಚಣಿಗೆ.” ತೆಲುಗಿನ ಸರದಿಯಲ್ಲಿ “ಇದಿ ನಿಚ್ಚೆನ, ಇದಿ ಚೀಪುರು, ಇದಿ ದುವ್ವೆನ.” ಕನ್ನಡದ ಸರದಿ ನನ್ನದು. ಅದು ಬೇಗ ಮುಗಿದುಹೋಗುತ್ತಿತ್ತು. ತೆಲುಗಿನದು ಮುಗಿಯುತ್ತಿರಲಿಲ್ಲ. ಪ್ರತಿ ಚಿತ್ರಕ್ಕೂ ಅವರಿಬ್ಬರಿಗೆ ಒಂದು ಹಳೆಯ ಕತೆ ನೆನಪಾಗುತ್ತಿತ್ತು. ಅಳಿಲಿನ ಚಿತ್ರ ಬಂದಾಗಲಂತೂ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಅಡಿಗೆಮನೆಯಿಂದ ಬಂದು ಏನು ಎಂದು ಕೇಳಿದೆ. “ಏನಿಲ್ಲ ಕಣಮ್ಮ, ಚಿಕ್ಕವನಿದ್ದಾಗಿನ ವಿಷಯ” ಎಂದರು ಅತ್ತಿಗೆ. ತಲೆಯಲ್ಲಿ ಗೆಡ್ಡೆ ಇಟ್ಟುಕೊಂಡ ಗಂಡ ನಗುತ್ತಿದ್ದಾರೆ, ಹೆಂಡತಿಗೆ ಸಂತೋಷವಾಗಬೇಕು. ನಾನು ಒಳಗೆ ಹೋಗಿ ಕಾಫಿಗೆ ಇಟ್ಟಿದ್ದ ಹಾಲು ಉಕ್ಕುವುದನ್ನು ನೋಡುತ್ತಾ ನಿಂತೆ, ಒಲೆ ಆರಿಸಲಿಲ್ಲ.

ಆಪರೇಷನ್ನಿಗೆ ಮುಂಚೆ ಸರ್ಜನ್ ನಮ್ಮ ಮೂವರನ್ನೂ ಕೂರಿಸಿಕೊಂಡರು. ಎರಡು ಭಾಷೆಗೂ ಬಹುತೇಕ ಒಂದೇ ಜಾಗ ಇರುತ್ತದೆ, ಆದರೆ ಕೆಲವರಲ್ಲಿ ಒಂದೇ ಭಾಷೆಯನ್ನು ತಡೆಯುವ ಚಿಕ್ಕ ಜಾಗಗಳೂ ಸಿಗುತ್ತವೆ ಎಂದರು. “ಅಂಥ ಜಾಗಕ್ಕೆ ಗೆಡ್ಡೆ ಅಂಟಿಕೊಂಡಿದ್ರೆ, ಬಿಡೋದಾ ತೆಗೆಯೋದಾ ಅನ್ನೋದು ನನ್ನೊಬ್ಬನ ತೀರ್ಮಾನ ಅಲ್ಲ. ಯಾವ ಭಾಷೆ ಇಲ್ದೆ ನಿಮಗೆ ಆಗೋದೇ ಇಲ್ಲ, ಯೋಚನೆ ಮಾಡಿ ಹೇಳಿ” ಎಂದರು.

ಇವರು ನನ್ನನ್ನು ನೋಡಿದರು. ಅಕ್ಕನನ್ನು ನೋಡಿದರು. ಆಮೇಲೆ, ನೀವಿಬ್ಬರೂ ಸ್ವಲ್ಪ ಹೊರಗಿರಿ ಎಂದರು.

ಹೊರಗೆ ಬೆಂಚಿನ ಮೇಲೆ ಅತ್ತಿಗೆ ಮತ್ತು ನಾನು ಅಕ್ಕಪಕ್ಕ ಕೂತೆವು. ಅವರು ಸೆರಗಿನ ತುದಿ ಸುತ್ತುತ್ತಾ ಬಿಚ್ಚುತ್ತಾ ಇದ್ದರು. ಇವರು ಹೊರಗೆ ಬಂದು ಆಟೋ ಕರೆಯೋಣ ಎಂದರು, ಅಷ್ಟೇ. ಹೇಳಿದ್ದೇನು ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಇವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಒಬ್ಬ ಆಯಾ ಬಂದು ಅತ್ತಿಗೆಯನ್ನು ಕರೆದಳು. ಸ್ವಲ್ಪ ಹೊತ್ತಿಗೆ ಅವರು ಹಸಿರು ಗೌನು, ಟೋಪಿ, ಮಾಸ್ಕು ಹಾಕಿಕೊಂಡು ಬಾಗಿಲ ಹತ್ತಿರ ಕಾಣಿಸಿದರು. ಕಣ್ಣು ಮಾತ್ರ ಕಾಣುತ್ತಿತ್ತು. ನನ್ನ ಕಡೆ ಕೈ ಎತ್ತಿದರು. ನಾನು ಎತ್ತಲಿಲ್ಲ. ನನ್ನ ಗಂಡನ ತಲೆ ತೆರೆದಿರುವ ಕೋಣೆಗೆ ನನ್ನನ್ನು ಬಿಟ್ಟು ಇನ್ನೊಬ್ಬ ಹೆಂಗಸು ಹೋಗುತ್ತಿದ್ದಾಳೆ, ಇವರು ಎಚ್ಚರವಾದಾಗ ಮೊದಲು ಕಾಣುವ ಮುಖ ಅವಳದು ಎಂಬುದೊಂದೇ ನನಗೆ ಹೊಳೆಯುತ್ತಿತ್ತು. ಇವರು ಬದುಕಿ ಬರಲಿ ಎಂದು ಬೇಡಿಕೊಳ್ಳಬೇಕಾದ ಹೊತ್ತಿನಲ್ಲಿ ನಾನು ಇದನ್ನೇ ಯೋಚಿಸಿದೆ. ಮಧ್ಯಾಹ್ನದವರೆಗೂ ಆ ಬೆಂಚು ಬಿಟ್ಟು ಏಳಲಿಲ್ಲ.

ಒಳಗೆ ನಡೆದದ್ದು ಅತ್ತಿಗೆ ಆಮೇಲೆ ತುಂಡುತುಂಡಾಗಿ ಹೇಳಿದ್ದು. ಪರದೆಯ ಆಚೆ ಡಾಕ್ಟರುಗಳು, ಈಚೆ ಇವರ ಮುಖ. ಅತ್ತಿಗೆಗೆ ಕಂಡದ್ದು ಮುಖ ಮಾತ್ರ. ತಲೆ ಅಲುಗಾಡದಂತೆ ಬಿಗಿದಿದ್ದರು. ಕಣ್ಣು ತೆರೆದವರೇ ಬಾಯಿ ಒಣಗಿದೆ ಎಂದರಂತೆ, ಒದ್ದೆ ಬಟ್ಟೆಯಿಂದ ತುಟಿ ಒರೆಸಿದರಂತೆ. ಟ್ಯಾಬಿನಲ್ಲಿ ಒಂದೊಂದೇ ಚಿತ್ರ ಬಂತು. ಇದು ಕಾಗೆ, ಇದು ಕೊಡೆ, ಇದು ಮೊರ. ಕೆಲವು ಕಡೆ “ಇದು” ಎಂದು ಬಾಯಿ ನಿಂತುಹೋಗುತ್ತಿತ್ತು, ಕಡ್ಡಿ ತೆಗೆದ ಕೂಡಲೇ ಪದ ಬರುತ್ತಿತ್ತು. ಅಂಥ ಕಡೆ ಎರಡು ಭಾಷೆಯೂ ನಿಲ್ಲುತ್ತಿತ್ತು. ಆಮೇಲೆ ಒಂದು ಜಾಗಕ್ಕೆ ಬಂದರು. ಕನ್ನಡದಲ್ಲಿ ಏಣಿ ಸರಾಗವಾಗಿ ಬಂತು. ತೆಲುಗಿನ ಸರದಿಯಲ್ಲಿ ಅದೇ ಚಿತ್ರಕ್ಕೆ “ಇದಿ... ಏಣಿ” ಎಂದರು. ಥೆರಪಿಸ್ಟ್ ಅತ್ತಿಗೆಯ ಮುಖ ನೋಡಿದಳು. ತಪ್ಪು ಎಂದು ಅತ್ತಿಗೆ ತಲೆಯಾಡಿಸಿದರು. ಮತ್ತೆ ಮುಟ್ಟಿದರು, ಬಾಚಣಿಗೆ ತೋರಿಸಿದರು. “ಇದಿ” ಎಂದವರು ಅಕ್ಕನನ್ನೇ ನೋಡುತ್ತಾ ಇದ್ದರಂತೆ, ಪದ ಬರಲಿಲ್ಲ.

ಆಪರೇಷನ್ ಮುಗಿದ ಮೇಲೆ ಸರ್ಜನ್ ಹೊರಗೆ ಬಂದು, ಅಂದುಕೊಂಡಿದ್ದಕ್ಕಿಂತ ಹೆಚ್ಚು ತೆಗೆಯಲು ಆಯಿತು ಎಂದರು. ಕೆಲವು ವಾರ ಮಾತು ತಡವರಿಸಬಹುದು, ಗಾಬರಿಯಾಗಬೇಡಿ ಎಂದರು.

ಎರಡು ದಿನ ಇವರು ಮಾತೇ ಆಡಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಕೈ ಒತ್ತುತ್ತಿದ್ದರು. ಮೂರನೆಯ ದಿನ ನಾನು ಲೋಟ ಹಿಡಿದು ಮಂಚದ ಪಕ್ಕದಲ್ಲೇ ಕೂತಿದ್ದೆ, ಅತ್ತಿಗೆ ಕಿಟಕಿಯ ಹತ್ತಿರ ನಿಂತಿದ್ದರು. ಇವರು ನನ್ನನ್ನು ದಾಟಿ ಕಿಟಕಿಯ ಕಡೆ ನೋಡಿ, “ಅಕ್ಕಾ, ನೀಳ್ಳು” ಎಂದರು.

ನೀರಿನ ಲೋಟ ನನ್ನ ಕೈಯಲ್ಲಿತ್ತು.

ಅದಾದ ಮೇಲೆ ಕೆಲವು ವಾರ ಇವರ ಬಾಯಿಂದ ಬಂದದ್ದೆಲ್ಲ ತೆಲುಗು. ಕನ್ನಡ ಅರ್ಥವಾಗುತ್ತಿತ್ತು, ಆಡಲು ಹೋದರೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅತ್ತಿಗೆ ನಮ್ಮ ಮನೆಗೇ ಬಂದು ಇದ್ದರು. ನನ್ನ ಗಂಡ ನನ್ನ ಮುಂದೆ ಕೂತು ನನಗೇ ಹೇಳುವ ಮಾತನ್ನು ಅವರು ಕನ್ನಡಕ್ಕೆ ಮಾಡಿ ಹೇಳುತ್ತಿದ್ದರು. ನಿನ್ನ ಊಟ ಆಯಿತಾ ಅಂತ ಕೇಳ್ತಿದಾನೆ. ಸ್ಕೂಲಿಗೆ ಹೊತ್ತಾಯಿತಂತೆ, ಹೋಗು ಅಂತಿದಾನೆ. ನನ್ನ ಮೇಲಿನ ಅಕ್ಕರೆ ಕೂಡ ಅವರ ಬಾಯಿಯಿಂದಲೇ ನನಗೆ ಬರಬೇಕಾಗಿತ್ತು. ಒಂದು ಸಂಜೆ ನಾನು ತಡೆದುಕೊಳ್ಳಲಿಲ್ಲ. ಅಡಿಗೆಮನೆಯಲ್ಲಿ ಅವರು ತಮ್ಮನಿಗೆ ಗಂಜಿ ಆರಿಸುತ್ತಿದ್ದರು.

“ಕೊನೆಗೂ ನಿಮ್ ಭಾಷೆನೇ ಉಳಿಸ್ಕೊಂಡ್ರು ಬುಡಿ ಅತ್ತಿಗೆ,” ಎಂದೆ. “ಇವ್ರು ಡಾಕ್ಟ್ರಿಗೆ ಏನು ಹೇಳಿದ್ರು ಅಂತ ಈಗ ಗೊತ್ತಾಯ್ತು.”

ಅವರು ಚಮಚ ಕೆಳಗಿಟ್ಟರು.

“ಅವನು ಹೇಳಿದ್ದು ಕನ್ನಡ ಅಂತ,” ಎಂದರು. “ಒಳಗೆ ನಮ್ಮ ಮಾತು ನಿಂತ ಜಾಗ ಸಿಕ್ತಲ್ಲ, ಗೆಡ್ಡೆ ಅಲ್ಲಿಗೂ ಹೋಗಿತ್ತು. ಡಾಕ್ಟ್ರು ಅವನನ್ನೇ ಕೇಳಿದ್ರು, ಮೊದಲು ಹೇಳಿದ್ದೇ ನಿಮ್ಮ ತೀರ್ಮಾನನಾ ಅಂತ. ಹೌದು ಸರ್, ಕನ್ನಡ ಇರಲಿ, ಅದನ್ನ ತೆಗೀರಿ ಅಂದ. ನಾನು ಎದುರಿಗೇ ಕೂತಿದ್ದೆ.”

ತಮ್ಮನ ಮನೆಮಾತು ಹೋಗಬಹುದು ಎಂದು ಗೊತ್ತಿದ್ದೂ, ಆ ಹೊತ್ತಿನಲ್ಲಿ ಆತ ತಪ್ಪು ಹೇಳಿದ್ದನ್ನು ತಪ್ಪು ಎಂದೇ ಹೇಳಿದವರು ಅವರು. ಮತ್ತೆ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಈಗ ಬರ್ತಿರೋದು ಎಷ್ಟು ದಿನವೋ ಗೊತ್ತಿಲ್ಲ ಕಣಮ್ಮ, ಇರೋವರೆಗೂ ಕೇಳಿಸಿಕೊಳ್ಳೋಣ ಅಂತ ಸುಮ್ಮನಿದ್ದೆ ಎಂದರು. ಆಮೇಲೆ ಗಂಜಿ ತೆಗೆದುಕೊಂಡು ಹೋದರು.

ಹಾಗೇ ಆಯಿತು. ಕನ್ನಡ ಒಂದೊಂದೇ ಪದವಾಗಿ ಮರಳಿತು. ಅದು ಬಂದ ಹಾಗೆಲ್ಲ ತೆಲುಗು ಹಿಂದೆ ಸರಿಯಿತು. ಕೆಲವರಲ್ಲಿ ಹೀಗೂ ಆಗುತ್ತದೆ ಎಂದಳು ಥೆರಪಿಸ್ಟ್. ದಸರಾ ರಜೆ ಮುಗಿಯುವ ಹೊತ್ತಿಗೆ ಇವರು ಅಂಗಡಿಗೆ ಹೋಗಿ ಕೂರತೊಡಗಿದರು. ಗಿರಾಕಿಗಳಿಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ತೆಲುಗಿನಲ್ಲಿ ಮಾತ್ರ ವಸ್ತುಗಳ ಹೆಸರೇ ಹೊರಟುಹೋಗಿತ್ತು. “ಅಕ್ಕಾ, ಅದಿ... ಅದಿ...” ಎಂದು ಶುರು ಮಾಡಿ, ಮುಖ ಸಪ್ಪಗೆ ಮಾಡಿಕೊಂಡು ಕನ್ನಡಕ್ಕೆ ಬರುತ್ತಿದ್ದರು. ಅತ್ತಿಗೆಯೂ ಅವರಿಗಾಗಿ ಕನ್ನಡದಲ್ಲೇ ಉತ್ತರ ಕೊಡತೊಡಗಿದರು. ಅಕ್ಕ ತಮ್ಮ ನನ್ನ ಎದುರಿಗೆ ನನ್ನ ಭಾಷೆಯಲ್ಲಿ ಮಾತಾಡಬೇಕು ಎಂದು ಎಷ್ಟು ವರ್ಷ ಆಸೆಪಟ್ಟಿದ್ದೆ. ಈಗ ಅವರು ಹಾಗೆ ಮಾತಾಡಿದರೆ ಪರಿಚಯವಾಗಿ ನಾಲ್ಕು ದಿನವಾದವರ ಹಾಗೆ ಕೇಳಿಸುತ್ತಿತ್ತು.

ಆದರೂ ಗೆದ್ದೆ ಎಂಬ ಸುಖ ಒಂದಿತ್ತು, ಇಲ್ಲ ಎನ್ನಲಾರೆ. ಎರಡರಲ್ಲಿ ಒಂದು ಎಂದಾಗ ನನ್ನನ್ನು ಆರಿಸಿಕೊಂಡರಲ್ಲ ಎಂದು ಸ್ಕೂಲಿನಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆಯುವಾಗಲೂ ನೆನಪಾಗುತ್ತಿತ್ತು. ಅದನ್ನು ಇವರ ಬಾಯಿಂದಲೇ ಕೇಳಬೇಕು ಎನ್ನುವ ಆಸೆ ಹುಟ್ಟಿತು. ಒಂದು ಭಾನುವಾರ ಬೆಳಿಗ್ಗೆ ಮಾರ್ಕೆಟ್ಟಿನಿಂದ ನಡೆದು ಬರುವಾಗ ಕೇಳಿಬಿಟ್ಟೆ. ಅಂಗಡಿ ನಡೆಯಬೇಕಲ್ಲ ಎಂದರು ಮೊದಲು. ಮೊದಲು ಅಂಗಡಿಯ ಹೆಸರು ಬಂದದ್ದಕ್ಕೆ ನನಗೆ ಸ್ವಲ್ಪ ಚುಚ್ಚಿತು. ಅಷ್ಟೇನಾ ಎಂದೆ.

ಅವರು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, “ನಿನ್ನ ಹತ್ರ ಮಾತಾಡ್ಲೇಬೇಕು ಕಣೇ. ಮಾತಿಲ್ದೆ ಇದ್ರೆ ನಾವಿಬ್ರೂ ಹೆಂಗಿರೋದು? ಅಕ್ಕನ ಹತ್ರ ಹಂಗಲ್ಲ, ಮಾತು ಹೋದ್ರೂ ನಡೆಯತ್ತೆ” ಎಂದರು.

ಒಳ್ಳೆಯದನ್ನೇ ಹೇಳಿದೆ ಎಂದು ನಂಬಿ ಹೇಳಿದರು. ಮುಖ ಹಗುರವಾಗಿತ್ತು. ಸೊಪ್ಪಿನ ಕಂತೆ ಜಾರುತ್ತಿತ್ತು, ಅದನ್ನು ಸರಿ ಮಾಡಿಕೊಂಡು ಮುಂದೆ ನಡೆದರು. ನಾನು ಅಲ್ಲೇ ಅಂಗಡಿಯೊಂದರ ಮುಂದೆ ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿ ಸ್ವಲ್ಪ ಹೊತ್ತು ನಿಂತೆ. ಇಷ್ಟು ವರ್ಷ ನಾನು ಆ ಭಾಷೆಯೇ ನನ್ನ ಶತ್ರು ಎಂದುಕೊಂಡಿದ್ದೆ.

ಪರೀಕ್ಷೆಗೆ ಕಳಿಸಿದ ತುಣುಕು ಡಾಕ್ಟರು ಅಂದುಕೊಂಡ ಜಾತಿಯದೇ ಎಂದು ಬಂತು. ಆಗಾಗ ಸ್ಕ್ಯಾನ್ ಮಾಡಿಸಬೇಕು, ಫಿಟ್ಸಿನ ಮಾತ್ರೆ ನುಂಗಬೇಕು. ಇದುವರೆಗೆ ತೊಂದರೆ ಇಲ್ಲ. ಅತ್ತಿಗೆ ಮತ್ತೆ ತಮ್ಮ ಮನೆಗೆ ಹೋದರು. ಅವರಿಗೆ ಈಗ ಈ ಊರಿನಲ್ಲಿ ಆ ತೆಲುಗು ಮಾತಾಡಲು ಯಾರೂ ಇಲ್ಲ. ಅದು ಗೊತ್ತಾಗಿ ನಾನೇ ಒಂದು ದಿನ ಅಳಿಲಿನ ಚಿತ್ರ ತೆಗೆದುಕೊಂಡು ಹೋಗಿ ಇದಕ್ಕೆ ನಿಮ್ಮಲ್ಲಿ ಏನಂತಾರೆ ಎಂದು ಕೇಳಿದೆ. “ಉಡುತ” ಎಂದರು. ನನ್ನ ಉಚ್ಚಾರಣೆಗೆ ನಕ್ಕರು. ಆ ಕತೆಯನ್ನು ಮಾತ್ರ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ವಾರಕ್ಕೆ ಎರಡು ಮೂರು ದಿನ ಹೋಗುತ್ತೇನೆ. ತಪ್ಪುತಪ್ಪಾಗಿ ಮಾತಾಡುತ್ತೇನೆ, ಅವರು ತಿದ್ದುತ್ತಾರೆ.

ಹೊಟ್ಟೆಕಿಚ್ಚು ಹೋಗಿದೆ ಎಂದು ಹೇಳಲು ಇಷ್ಟ. ಹೋದ ಭಾನುವಾರ ಅವರೆಕಾಯಿ ಸುಲಿದು, ಕಾಳು ನೆನೆಸಿ ಇಟ್ಟಿದ್ದೆ. ಅಕ್ಕ ತಮ್ಮ ವರಾಂಡದ ಬಿಸಿಲಿನಲ್ಲಿ ಎದುರುಬದುರು ಕೂತು ಕಾಳು ಹಿತುಕುತ್ತಿದ್ದರು. ನಾನು ಕಾಫಿ ಹಿಡಿದುಕೊಂಡು ಬಾಗಿಲಿಗೆ ಬಂದೆ. ಇಬ್ಬರಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅತ್ತಿಗೆಯ ಕೈ ತುಂಬುವ ಹೊತ್ತಿಗೆ ಇವರು ತಲೆ ಎತ್ತದೆಯೇ ಪಾತ್ರೆಯನ್ನು ಅವರ ಕಡೆ ತಳ್ಳಿದರು. ಬಿಸಿಲು ಇವರ ತಲೆಯ ಹೊಲಿಗೆಯ ಗೆರೆಗೆ ಬಿದ್ದಾಗ ಅತ್ತಿಗೆ ಸುಮ್ಮನೆ ಎದ್ದು ತಾವು ಕೂತ ಜಾಗ ಬಿಟ್ಟುಕೊಟ್ಟರು, ಇವರು ಅಲ್ಲಿಯ ನೆರಳಿಗೆ ಸರಿದರು. ನಾನು ಕಾಫಿ ಇಬ್ಬರ ನಡುವೆ ಇಟ್ಟು ಒಳಗೆ ಬಂದೆ, ಬೇಕಿಲ್ಲದಿದ್ದರೂ ನಲ್ಲಿ ಜೋರಾಗಿ ತಿರುಗಿಸಿ ಪಾತ್ರೆ ತೊಳೆಯತೊಡಗಿದೆ.